ಹಿಟ್ಟಿನ ಗಿರಣಿಯ ಶ್ರುತಿಗೆ ಸ್ಟೀಲ್ ಗಿಟಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಗೆ ತಿರುಗುವ ಗಲ್ಲಿಯಲ್ಲಿ ಒಂದು ಲೇತ್ ಶೆಡ್ಡು. ಅದರೊಳಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿರುವ ರೇವಣಸಿದ್ದಯ್ಯ ಗೋಡೆಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ. ಗೋಡೆಯ ಆಚೆ ಬದಿಗೆ ಜಗದಾಂಬಾ ಎಂಬುವರ ಹಿಟ್ಟಿನ ಗಿರಣಿ. ಎಂಟರ ಮೇಲೆ ಕರೆಂಟನ್ನು ನಂಬುವ ಹಾಗಿಲ್ಲವೆಂದು ಆಕೆ ಹೋಟೆಲುಗಳ ಅಕ್ಕಿ ಹಿಟ್ಟನ್ನೆಲ್ಲ ಬೆಳಗಿನ ಜಾವವೇ ಬೀಸಿ ಮುಗಿಸುತ್ತಾರೆ. ಇವತ್ತು ಯಾಕೋ ತಡ.

"ಇನ್ನಾ ಚಾಲೂ ಮಾಡವಲ್ಲಳು ನೋಡ್ರಿ. ಒಂದು ಟೈಮ್ ಅಂತ ಬ್ಯಾಡೇನು ಮನಿಷ್ಯಾಗ?" ಎಂದು ರೇವಣಸಿದ್ದಯ್ಯ ಗೊಣಗುತ್ತಾರೆ. ರಾಣೆಬೆನ್ನೂರಿನ ಕಡೆಯಿಂದ ಬಂದು ಮೂರು ದಶಕದ ಮೇಲಾಯಿತು. ಬೆಂಗಳೂರಿನ ಮಾತು ಚೆನ್ನಾಗಿಯೇ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಊರ ಮಾತು. ಅಂದರೆ ಯಾವಾಗಲೂ.

ಅವರ ಮುಂದೆ ಮೇಜಿನ ಹಾಗೆ ಮಲಗಿರುವುದು ಒಂದು ಗಿಟಾರು. ಗಿಟಾರು ಎಂದರೆ ನೀವು ನಂಬುವುದಿಲ್ಲ. ಹಳೆ ಮಂಚದ ತೇಗದ ಹಲಗೆ, ಅದರ ಮೇಲೆ ಹತ್ತು ತಂತಿ, ಕೆಳಗೆ ಹೊಲಿಗೆ ಯಂತ್ರದಿಂದ ಕಿತ್ತ ಪೆಡಲುಗಳು, ನಡುವೆ ಸೈಕಲ್ಲಿನ ಬ್ರೇಕ್ ಕೇಬಲ್ಲು, ಪಕ್ಕದಲ್ಲಿ ದನಿಗೆಂದು ಒಂದು ಸ್ಪೀಕರ್ ಪೆಟ್ಟಿಗೆ. ಪೆಡಲ್ ತುಳಿದರೆ ತಂತಿ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ಎಡಗೈಯಲ್ಲಿ ತಾವೇ ಲೇತಿನಲ್ಲಿ ಕಡೆದ ಉಕ್ಕಿನ ಗುಂಡು ಕಂಬಿ. ಅದನ್ನು ತಂತಿಯ ಮೇಲೆ ಜಾರಿಸಿದರೆ ಸ್ವರ ಎಲ್ಲೂ ಕಡಿಯದೆ ಜಾರುತ್ತದೆ. ಇದೇ ಸ್ಟೀಲ್ ಗಿಟಾರು. ಹವಾಯಿ ದ್ವೀಪದಲ್ಲಿ ಹುಟ್ಟಿ, ಅಮೆರಿಕದ ಹಳ್ಳಿಗಾಡಿನ ಹಾಡುಗಳಲ್ಲಿ ನೆಲೆಯೂರಿ, ನಮ್ಮ ಆರ್ಕೆಸ್ಟ್ರಾಗಳಿಗೂ ಒಂದು ಕಾಲದಲ್ಲಿ ಬಂದು ಹೋದ ವಾದ್ಯ.

ಆಚೆಯಿಂದ 'ಗೂಂ' ಎಂದು ಗಿರಣಿ ಹೊರಟಿತು. ತಗಡಿನ ಸೂರು ಸಣ್ಣಗೆ ನಡುಗಿತು. ರೇವಣಸಿದ್ದಯ್ಯನವರ ಮುಖದ ಗಂಟು ಒಂದೊಂದೇ ಬಿಚ್ಚಿತು. ಕಾಲಿನಿಂದ ಒಂದು ಪೆಡಲ್ ಮೆಲ್ಲಗೆ ಒತ್ತಿದರು. ತಂತಿ ಮೀಟಿದ್ದು ಕಂಡಿತೇ ಹೊರತು ಮೀಟಿದ ಸದ್ದು ಬರಲಿಲ್ಲ. ಎಲ್ಲೋ ದೂರದಿಂದ ಬಂದ ಹಾಗೆ ಒಂದು ಸ್ವರ ಮೂಡಿ, ಗಿರಣಿಯ ಗೂಂ ಮೇಲೆ ಕೂತು, ಉಬ್ಬಿ, ಮತ್ತೆ ದೂರ ಹೋಗಿ ಅಳಿಸಿಹೋಯಿತು. ಇನ್ನೊಂದು ಬಂತು. ಅದೂ ಹೋಯಿತು. ಆಚೆ ಜಗದಾಂಬಾ ಕಾಳು ಸುರಿದಾಗ ಗಿರಣಿಗೆ ಭಾರವಾಗಿ ಅದರ ದನಿ ತಗ್ಗುತ್ತದೆ, ಇವರ ಕೈಯೂ ಅದರ ಜೊತೆ ಇಳಿಯುತ್ತದೆ. ಕಾಳು ಮುಗಿಯುತ್ತ ಬಂದರೆ ದನಿ ಏರುತ್ತದೆ, ಇವರೂ ಏರುತ್ತಾರೆ. ತಾಳವಿಲ್ಲ, ಪಲ್ಲವಿಯಿಲ್ಲ, ಚರಣವಿಲ್ಲ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಪೆನ್ನು ಹಿಡಿದು ಕಾಯುತ್ತಲೇ ಇದ್ದೆ. ಕೊನೆಗೆ ತಡೆಯಲಾರದೆ ಕೇಳಿದೆ: "ಸಾರ್, ಈಗ ಹಾಡು ಶುರು ಮಾಡ್ತೀರಾ?"

ಅವರು ಕಂಬಿ ಕೆಳಗಿಟ್ಟರು.

"ಇಷ್ಟೊತ್ತನಕ ನಾ ಏನು ಮೆಣಸಿನಕಾಯಿ ಕುಟ್ಟಾಕತ್ತಿದ್ನೇನ್ರಿ?"

ಈ ಪ್ರಶ್ನೆ ಕೇಳಿದವರಲ್ಲಿ ನಾನು ಮೊದಲನೆಯವನಲ್ಲ ಎಂಬುದಷ್ಟೇ ಸಮಾಧಾನ. ಗಣೇಶನ ಪೆಂಡಾಲಿನಲ್ಲಿ ಕೇಳಿದ್ದಾರೆ, ವಿಜಯನಗರದ ಒಂದು ಮದುವೆ ಆರತಕ್ಷತೆಯಲ್ಲಿ ಹೆಣ್ಣಿನ ತಂದೆಯೇ ವೇದಿಕೆ ಹತ್ತಿ ಬಂದು ಕೇಳಿದ್ದಾರೆ. "ಅಂವ ಹೇಳಿದ, ಯಜಮಾನ್ರೇ, ಟ್ಯೂನಿಂಗ್ ಆಯ್ತಲ್ಲ, ಇನ್ನು ಹಾಡು ಬಾರಿಸಿ ಅಂತ. ನಾ ಆಗಲೇ ಮೂರು ಮುಗಿಸಿದ್ದೆ" ಎನ್ನುವಾಗ ರೇವಣಸಿದ್ದಯ್ಯನವರ ಮೂಗಿನ ಹೊಳ್ಳೆ ಅರಳುತ್ತದೆ. ಅಲ್ಲಿಂದ ಮೇಲೆ ಅವರು ಹೊರಗೆ ಬಾರಿಸಿಲ್ಲ.

ಚಹಾ ತಂದ ಅವರ ಹೆಂಡತಿ ಹಾಲವ್ವ ಅಭಿಪ್ರಾಯ ಹೇಳಲು ಹಿಂದೆ ಮುಂದೆ ನೋಡುವವರಲ್ಲ. "ಮದುವಿ ಆದಾಗಿಂದ ಕೇಳಾಕತ್ತೀನ್ರಿ ಈ ಅಳೂ ಧ್ವನಿ. ಯಾರು ಸತ್ತಾರ ಅಂತ ಮಾತ್ರ ಇನ್ನಾ ಹೇಳಿಲ್ಲ."

ಸಂಪಾದಕರು ನನ್ನನ್ನು ಕಳಿಸುವಾಗ ಪಟ್ಟಿ ಕೊಟ್ಟೇ ಕಳಿಸಿದ್ದಾರೆ. ದಿನಕ್ಕೆ ಎಷ್ಟು ಹೊತ್ತು, ವಾರಕ್ಕೆ ಎಷ್ಟು, ಇದುವರೆಗೆ ಎಷ್ಟು ಹಾಡು, ಓದುಗರಿಗೆ ಅಂಕಿಅಂಶ ಬೇಕು. ಜೊತೆಗೆ ನಗುಮುಖದ ಒಂದು ಫೋಟೋ. ಅಗೆದು ಹಾಕಿದ ಮಾಗಡಿ ರಸ್ತೆಯಲ್ಲಿ ಸ್ಕೂಟರು ತಳ್ಳಿಕೊಂಡು ಬಂದ ನನಗೆ ಅಂಕಿಅಂಶ ಕೇಳುವ ಉಮೇದು ಉಳಿದಿರಲಿಲ್ಲ. ಆದರೂ ಕೇಳಿದೆ. "ನೀವು ದಿನಾ ಎಷ್ಟು ಸಲ ಉಸುರು ತಗೋತೀರಿ, ಬರದಿಟ್ಟೀರೇನು?" ಎಂದರು. ನಗು ಅಂತೂ ಬರಲೇ ಇಲ್ಲ. ಫೋಟೋದಲ್ಲಿ ಅವರು ಪಾಸ್‌ಪೋರ್ಟ್ ಆಫೀಸಿನ ಸಾಲಿನಲ್ಲಿ ನಿಂತವರಂತೆ ಕಾಣುತ್ತಾರೆ. ನನ್ನ ತಪ್ಪಲ್ಲ.

ಲೇತಿನಲ್ಲಿ ಲೋಹ ಕಡೆಯುವ ಟರ್ನರ್ ಕೆಲಸಕ್ಕೆಂದು ರಾಜಾಜಿನಗರದ ಕಾರ್ಖಾನೆಗೆ ಸೇರಿದಾಗ ರೇವಣಸಿದ್ದಯ್ಯ ಹುಡುಗ. ಕಾಮಾಕ್ಷಿಪಾಳ್ಯದ ಬಾಡಿಗೆ ಕೋಣೆಯಲ್ಲಿ ಸಹವಾಸಕ್ಕಿದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ರೇಡಿಯೊ. ಬೆಳಗ್ಗೆ ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ದೂರದೇಶದ ಸ್ಟೇಶನ್ನಿನಲ್ಲಿ ಅಮೆರಿಕದ ಹಳ್ಳಿ ಹಾಡುಗಳು ಸಿಕ್ಕವು. ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಡುವವನ ಹಿಂದೆ ಜಾರುತ್ತ ಅಳುವ ಒಂದು ವಾದ್ಯವಿತ್ತಲ್ಲ, ಅದು ಮಾತ್ರ ಎದೆಗೆ ಬಂದು ಕೂತಿತು. ಶಾರ್ಟ್‌ವೇವ್ ಕೇಳಿದವರಿಗೆ ಗೊತ್ತು, ಸ್ಟೇಶನ್ನು ಒಂದು ಕಡೆ ನಿಲ್ಲುವುದಿಲ್ಲ. ದನಿ ತೇಲಿ ಬರುತ್ತದೆ, ಹತ್ತಿರವಾಗುತ್ತದೆ, ಸರ್ರೆಂದು ಮಾಯವಾಗುತ್ತದೆ, ಮತ್ತೆ ಬರುತ್ತದೆ. ಹುಡುಗ ರೇವಣಸಿದ್ದಯ್ಯ ಅದನ್ನೂ ಆ ವಾದ್ಯದವನೇ ಮಾಡುತ್ತಿದ್ದಾನೆ ಎಂದುಕೊಂಡರು.

"ಎಂಥಾ ಕೈ ಇರಬೇಕು ಅಂವಂದು ಅಂತ ಕೈ ಮುಗದೀನ್ರಿ ನಾ. ಸ್ವರ ಬಿಡ್ತಾನ, ಅದು ಊರ ದಾಟಿ ಹೋಗ್ತೈತಿ, ಮತ್ತ ಕರದ್ರ ಬರ್ತೈತಿ. ನಾನೂ ಹಂಗ ಬಾರಿಸಬೇಕು ಅಂತ ಹಟಕ್ಕ ಬಿದ್ದೆ."

ದನಿ ಕಿರಿದು ಹಿರಿದು ಮಾಡಲು ಕಾಲಿಗೇ ಇನ್ನೊಂದು ಪೆಡಲ್ ಜೋಡಿಸಿಕೊಂಡರು. ಮೀಟುವ ಕ್ಷಣದಲ್ಲಿ ದನಿ ಮುಚ್ಚಿ, ಆಮೇಲೆ ಮೆಲ್ಲಗೆ ತೆರೆಯುವುದನ್ನು ರೂಢಿಸಿಕೊಂಡರು. ಹೀಗೆ ರೇಡಿಯೊದ ಸೀಕನ್ನು ವಿದ್ಯೆ ಎಂದು ತಿಳಿದು ಒಬ್ಬ ಮನುಷ್ಯ ಅರ್ಧ ಆಯುಷ್ಯ ಸಾಧನೆ ಮಾಡಿದ್ದಾನೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಗುಟ್ಟು ಬಯಲಾದದ್ದು ಹೋದ ವರ್ಷ. ನಾಗರಬಾವಿಯಲ್ಲಿ ಕಾನೂನು ಓದುವ ಕಶ್ಯಪ್ ಎಂಬ ಹುಡುಗ ಬೈಕಿನ ಯಾವುದೋ ಬೋಲ್ಟಿಗೆ ಥ್ರೆಡ್ ಹಾಕಿಸಲು ಶೆಡ್ಡಿಗೆ ಬಂದವನು, ಬಾಗಿಲಲ್ಲೇ ಕಲ್ಲಾಗಿ ನಿಂತನಂತೆ. ಮಾರನೆಯ ದಿನ ಒಂದು ಸಿಡಿ ತಂದ. ಅದೇ ಹಳ್ಳಿ ಹಾಡು, ಅದೇ ವಾದ್ಯ, ಕನ್ನಡಿಯಷ್ಟು ಸ್ಪಷ್ಟ. ರೇವಣಸಿದ್ದಯ್ಯ ಕೇಳಿ ಮುಖ ಕಿವುಚಿದರು. "ಬಾರಿಸ್ತಾನ, ಖರೇ. ಆದ್ರ ಹೋಗೂದೂ ಇಲ್ಲ, ಬರೂದೂ ಇಲ್ಲ. ಒಂದ ಕಡೆ ಕುಂತಾನ, ಸರ್ಕಾರಿ ನೌಕರನಂಗ." ಹುಡುಗ ಶಾರ್ಟ್‌ವೇವಿನ ವಿಷಯ ಬಿಡಿಸಿ ಹೇಳಿದ ಮೇಲೆ ಅವರು ಒಂದು ವಾರ ಗಿಟಾರು ಮುಟ್ಟಲಿಲ್ಲವೆಂದು ಹಾಲವ್ವ ನೆನೆಯುತ್ತಾರೆ. "ಆ ವಾರ ಭಾಳ ಚೊಲೊ ನಿದ್ದಿ ಬಂತ್ರಿ" ಎಂದೂ ಸೇರಿಸುತ್ತಾರೆ.

ಕಶ್ಯಪ್‌ಗೆ ಮಾತ್ರ ಇದು ನಿಧಿ. "ಸಾರ್, ಫಾರಿನ್ನಲ್ಲಿ ಈಗ ಇದನ್ನೇ ಮಾಡ್ತಿದಾರೆ. ಆಂಬಿಯೆಂಟ್ ಕಂಟ್ರಿ ಅಂತಾರೆ. ಕಂಟ್ರಿ ಮ್ಯೂಸಿಕ್ಕಿನ ಸ್ಟೀಲ್ ಗಿಟಾರ್ ತಗೊಂಡು, ಬೀಟ್ ತೆಗೆದು, ಬರೀ ವಾತಾವರಣ ಉಳಿಸ್ತಾರೆ. ಅಂಕಲ್ ಅವರಿಗಿಂತ ಮುಂಚೆನೇ ಇಲ್ಲಿ ಕೂತ್ಕೊಂಡು ಮಾಡ್ಬಿಟ್ಟಿದಾರೆ ಗುರು! ಸಾರಿ, ಸಾರ್" ಎಂದು ನನ್ನೆದುರು ಕೈ ಬೀಸುತ್ತಾನೆ. ಮನೆಯಲ್ಲಿ ಊದಿನಕಡ್ಡಿ ಹಚ್ಚಿಟ್ಟರೆ ಹೊಗೆ ಹೇಗೆ ತನ್ನ ಪಾಡಿಗೆ ಇರುತ್ತದೋ ಹಾಗೆ ಸುಮ್ಮನೆ ಇರುವ ಸಂಗೀತ ಎಂದು ನಾನು ಅರ್ಥ ಮಾಡಿಕೊಂಡೆ. ರೇವಣಸಿದ್ದಯ್ಯನವರಿಗೆ ಈ ಹೆಸರೇ ತಲೆನೋವು. "ಹೆಸರು ಕಟಗೊಂಡು ಏನ್ ಮಾಡ್ಲಿ? ಕೂಸು ಹುಟ್ಟಿ ಮುದುಕ ಆಗೇತಿ, ಈಗ ತೊಟ್ಲಾ ತರ್ತಾನ."

ಹುಡುಗ ಅವರನ್ನು ನಾಗರಬಾವಿಯ ಗೆಳೆಯನ ಸ್ಟುಡಿಯೊಗೂ ಕರೆದೊಯ್ದಿದ್ದಾನೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದ ಕೋಣೆ. ಬಾಗಿಲು ಹಾಕಿ ಹೊರಗಿನ ಸದ್ದೆಲ್ಲ ನಿಂತ ಕೂಡಲೇ ರೇವಣಸಿದ್ದಯ್ಯನವರ ಕೈ ಕಟ್ಟಿಹೋಯಿತು. ಕಶ್ಯಪ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದಿಟ್ಟ. ಅದೂ ಆಗಲಿಲ್ಲ. "ಆ ಡಬ್ಬಿ ಹೊಯ್ಕೋತ ಕೂಡ್ತೈತಿ, ಒಂದ ಸಮ. ಅದಕ್ಕ ಹಸಿವಿ ಇಲ್ಲ, ಹೊಟ್ಟಿ ತುಂಬೂದಿಲ್ಲ. ಗಿರಣಿ ಹಂಗಲ್ರಿ, ಜ್ವಾಳ ಉಂಡಾಗ ಒಂದು ದನಿ, ಗೋದಿ ಉಂಡಾಗ ಒಂದು ದನಿ." ಅಂದಿನಿಂದ ಒಂದು ವಿಷಯ ಎಲ್ಲರಿಗೂ ಸ್ಪಷ್ಟವಾಗಿದೆ. ಮದುವೆ, ಪೆಂಡಾಲುಗಳಲ್ಲಿ ಜನರೇಟರಾದರೂ ಗುಂಯ್‌ಗುಡುತ್ತಿತ್ತು. ಈಗ ಗೋಡೆಯಾಚೆಯ ಗೂಂ ಇಲ್ಲದೆ ಈ ಮನುಷ್ಯ ಬಾರಿಸಲಾರ.

ಆದರೆ ಆ ಗೂಂ ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು ಕಥೆ. ಹಾಳಾದ್ದು, ಅದೂ ಒಂದು ಸೀಕೇ.

ನೆರೆಯವರ ನಾಲ್ಕು ಮಾತು ಬರಹಕ್ಕೆ ಬೇಕಲ್ಲ ಎಂದು ನಾನು ಗಿರಣಿಗೆ ಹೋದೆ. ಹುಬ್ಬು, ರೆಪ್ಪೆಯೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಜಗದಾಂಬಾ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದನ್ನು ನಡೆಸುತ್ತಿದ್ದಾರೆ. ರೇವಣಸಿದ್ದಯ್ಯ ಎಂಬ ಹೆಸರು ಬಾಯಿಗೆ ಬಂದದ್ದೇ ತಡ, ಸೇರನ್ನು ಡಬ್ಬಿಗೆ ಎಸೆದು ಶುರು ಮಾಡಿದರು.

"ಆ ಮನುಷ್ಯನ ವಿಷಯ ಎತ್ಬೇಡಿ ಸಾರ್! ಈ ಕಲ್ಲಿನ ಶಾಫ್ಟನ್ನ ಅಲುಗಾಡದ ಹಾಗೆ ಹಿಡಿಯೋ ಬಳೆ, ಬುಷ್ ಅಂತಾರಲ್ಲ, ಅದು ಸವೆದು ಹೋಗಿದೆ. ಅದಕ್ಕೇ ಈ ಪಾಟಿ ಗೂಂಗುಟ್ಟೋದು. ಒಂದು ಬುಷ್ ಕಡೆದು ಕೊಡಿ ಅಂತ ಎಷ್ಟು ಸಲ ಕೇಳಿದೀನಿ ಗೊತ್ತಾ? ಪಕ್ಕದಲ್ಲೇ ಟರ್ನರ್ ಇದಾರೆ ಅನ್ನೋ ಹೆಸರು ಬೇರೆ! ಒಂದ್ಸಲ ಗನ್‌ಮೆಟಲ್ ಸಿಗ್ತಿಲ್ಲ ಅಂತಾರೆ, ಒಂದ್ಸಲ ಲೇತ್ ಕೆಟ್ಟಿದೆ ಅಂತಾರೆ, ಒಂದ್ಸಲ ಅಮಾವಾಸ್ಯೆ ಅಂತಾರೆ. ಬೇರೆಯವರ ಹತ್ರ ಹಾಕಿಸ್ದೆ, ತಿಂಗಳು ನಿಲ್ಲಲಿಲ್ಲ. ನಾನು ಅವರಿಗೆ ಏನು ಅನ್ಯಾಯ ಮಾಡಿದೀನಿ ಹೇಳಿ?"

ಬೆಳಗಿನಿಂದ ಎರಡು ಕಡೆಯ ಸಿಡಿಮಿಡಿ ಕೇಳಿ ನನಗೂ ಸಾಕಾಗಿತ್ತು. ಹೇಳಿಬಿಟ್ಟೆ: "ಅಮ್ಮಾ, ಈ ಸದ್ದು ಅವರಿಗೆ ಶ್ರುತಿಯಂತೆ. ಸರಿ ಮಾಡಿದ್ರೆ ಶ್ರುತಿ ಹೋಗುತ್ತೆ ಅಂತ ಮಾಡಿಲ್ಲ."

ಜಗದಾಂಬಾ ಸ್ವಿಚ್ ಆರಿಸಿದರು. ಕಲ್ಲು ನಿಲ್ಲುವವರೆಗೆ ಕಾದರು.

"ಏನಂದ್ರಿ?"

ಮತ್ತೆ ಹೇಳಿದೆ. ಈಕೆ ಇವತ್ತಿನವರೆಗೆ ಆ ಗಿಟಾರು ಕೇಳಿಯೇ ಇಲ್ಲವೆಂದು ಆಗ ಗೊತ್ತಾಯಿತು. ಗಿರಣಿ ಓಡುವಾಗ ಇವರಿಗೆ ಬೇರೇನೂ ಕೇಳಿಸುವುದಿಲ್ಲ. ಗಿರಣಿ ನಿಂತಾಗ ಅವರು ಬಾರಿಸುವುದಿಲ್ಲ. ಒಂದೇ ಗೋಡೆ, ಇಷ್ಟು ವರ್ಷ.

"ಅಯ್ಯೋ ಅವನ ಮನೆ ಕಾಯ್ವಾಗ!" ಎಂದು ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ಹಾಲವ್ವ ಚಹಾ ಲೋಟ ಹಿಡಿದುಕೊಂಡೇ ದಾರಿ ಬಿಟ್ಟರು. ಜಗಳ ಆಗುತ್ತದೆ, ಬರಹಕ್ಕೆ ಚೆನ್ನಾಗಿರುತ್ತದೆ ಎಂದು ನಾನು ಅಂದುಕೊಂಡದ್ದು ಸುಳ್ಳಲ್ಲ. ಜಗದಾಂಬಾ ಕೂಗಾಡಲಿಲ್ಲ. ಬಲ ಮುಂಗೈಯನ್ನು ರೇವಣಸಿದ್ದಯ್ಯನವರ ಮುಖದ ಮುಂದೆ ಹಿಡಿದರು. ಮೊಣಕೈಯವರೆಗೆ ಬಾಸುಂಡೆ ಎದ್ದು, ಕಪ್ಪುಗಟ್ಟಿತ್ತು.

"ಹೋದ ವಾರ ಶಾಫ್ಟ್ ಅಲುಗಾಡಿ ಬೆಲ್ಟ್ ಎಗರ್ತು. ಕೈ ಮುರೀಲಿಲ್ಲ, ನನ್ನ ಪುಣ್ಯ. ಒಂದು ಮಗು ಹಿಟ್ಟಿನ ಡಬ್ಬ ಹಿಡ್ಕೊಂಡು ಅಲ್ಲೇ ನಿಂತಿತ್ತು."

ರೇವಣಸಿದ್ದಯ್ಯ ಕೈ ನೋಡಿದರು. ಕೊನೆಗೆ ಬಂದ ಮಾತು ಇಷ್ಟೇ: "ಬುಷ್ ಹಾಕಿದ್ರ ಗೂಂ ಹೋಗ್ತೈತ್ರಿ, ಅಕ್ಕಾರ."

"ಹಾಕದಿದ್ರೆ ಗಿರಣಿನೇ ಹೋಗುತ್ತೆ. ಆಷಾಢ ಮುಗೀಲಿ ಅಂತ ಕಾಯ್ತಿದೀನಿ. ಮೊಬೈಲ್ ಅಂಗಡಿಯವರು ಜಾಗ ಕೇಳ್ತಿದಾರೆ. ಆಮೇಲೆ ರಿಂಗ್‌ಟೋನಿಗೆ ಶ್ರುತಿ ಸೇರಿಸ್ಕೊಂಡು ಕೂತ್ಕೊಳ್ಳಿ!"

ಜಗದಾಂಬಾ ಹೋದ ಮೇಲೆ ರೇವಣಸಿದ್ದಯ್ಯ ಗಿಟಾರನ್ನು ಬದಿಗೆ ಸರಿಸಿದರು. ಆಮೇಲೆ ಬಗ್ಗಿ, ಲೇತಿನ ಕೆಳಗಿನಿಂದ ನ್ಯೂಸ್‌ಪೇಪರ್ ಸುತ್ತಿದ ಒಂದು ಗಂಟನ್ನು ಎಳೆದರು. ಒಳಗೆ ಗನ್‌ಮೆಟಲ್ಲಿನ ದಪ್ಪ ತುಂಡು. ಸಿಗುತ್ತಿಲ್ಲ, ಸಿಗುತ್ತಿಲ್ಲ ಎಂದು ಹೇಳುತ್ತ ಬಂದ ಅದೇ ಲೋಹ. ಕಾಗದ ಹಳದಿಯಾಗಿ ಪುಡಿಪುಡಿಯಾಗುತ್ತಿತ್ತು.

"ತಂದು ಇಟ್ಟಿದ್ದೆ" ಎಂದರು, ನನ್ನ ಕಡೆ ನೋಡದೆ.

ಲೇತ್ ತಿರುಗತೊಡಗಿದ ಹೊತ್ತಿಗೆ ಕಶ್ಯಪ್ ಬಂದ. ಬಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಮೈಕು. ಸ್ಟುಡಿಯೊ ಬೇಡ, ಇಲ್ಲೇ ಗಿರಣಿಯ ಜೊತೆಗೇ ರೆಕಾರ್ಡ್ ಮಾಡೋಣ ಎಂದು ಅವನಿಗೆ ಅಂತೂ ಬುದ್ಧಿ ಬಂದಿತ್ತು. ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತ.

"ಅಂಕಲ್, ಒಂದೇ ಒಂದ್ಸಲ ಹಳೇ ಸೌಂಡಲ್ಲಿ ಬಾರಿಸಿಬಿಡಿ. ಬುಷ್ ನಾಳೆ ಹಾಕಿ. ಪ್ಲೀಸ್ ಅಂಕಲ್, ಈ ಗೂಂ ಅನ್ನೋ ಡ್ರೋನ್ ಶ್ರುತಿ ಮತ್ತೆ ಸಿಗಲ್ಲ."

"ಗಿರಣಿ ಚಾಲೂ ಮಾಡಬೇಕಲ್ಲಪ್ಪ. ಬೆಲ್ಟು ಮತ್ತ ಹಾರಿದ್ರ?"

"ಹತ್ತು ನಿಮಿಷ ಅಷ್ಟೇ."

"ಆಕಿ ಕೈ ಹೋಗಾಕ ಹತ್ತು ನಿಮಿಷ ಬೇಕೇನಲೇ?" ಎಂದು ರೇವಣಸಿದ್ದಯ್ಯ ಗುಡುಗಿದ್ದಕ್ಕೆ ಹುಡುಗ ಮೈಕು ಕೆಳಗಿಟ್ಟ. ಹಾಗಾಗಿ ಆ ಗೂಂ ಈಗ ಯಾವ ಸಿಡಿಯಲ್ಲೂ ಇಲ್ಲ. ನನಗೂ ಹೊಟ್ಟೆ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಬುಷ್ ಕೂತಿತು. ಕರೆಂಟು ಅಷ್ಟರಲ್ಲಿ ಎರಡು ಸಲ ಹೋಗಿ ಬಂತು, ಎರಡು ಸಲವೂ ರೇವಣಸಿದ್ದಯ್ಯ ಅದರ ಏಳು ತಲೆಮಾರನ್ನು ಜಾಲಾಡಿದರು. ಜಗದಾಂಬಾ ರಾಗಿ ಸುರಿದು ಸ್ವಿಚ್ ಒತ್ತಿದರು. ಗಿರಣಿ ಓಡಿತು. ಸೂರು ನಡುಗಲಿಲ್ಲ. ಕಲ್ಲಿನ ನಡುವೆ ರಾಗಿ ಸರಿಯುವ ಸರಬರ ಬಿಟ್ಟರೆ ಬೇರೇನೂ ಇಲ್ಲ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ ಜಗದಾಂಬಾ, "ಬೆಣ್ಣೆ ಥರಾ ಬರ್ತಿದೆ" ಎಂದರು. ರೇವಣಸಿದ್ದಯ್ಯ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಕಿವಿಗೊಟ್ಟು ನಿಂತರು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದರು. "ಮುಗೀತ್ರಿ" ಎಂದು ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿ ಶೆಡ್ಡಿಗೆ ಹೋಗಿಬಿಟ್ಟರು. ನಾನೂ ಅವರ ಹಿಂದೆ ಹೋದೆ. ಬೆಳಗಿನಿಂದ ಈ ಮನುಷ್ಯನ ಮೇಲೆ ರೇಗುತ್ತ ಬಂದವನಿಗೆ ಆಗ ಅವರ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗು ಬಂತು. "ರೇವಣಸಿದ್ದಯ್ಯನವರೇ! ಬಾರಿಸಲ್ವಾ?"

"ಯಾವುದಕ್ಕ ಹಿಡದು ಬಾರಿಸ್ಲಿ?" ಎಂದು ಇವರೂ ಕೂಗಿದರು.

"ನಂಗೇನು ಗೊತ್ತು? ಇಲ್ಲಿ ಕಿವಿಯೆಲ್ಲ ಬಿಕೋ ಅಂತಿದೆ. ಇಷ್ಟು ದಿನ ನನ್ನ ಗಿರಣಿದು ಪುಕ್ಕಟೆ ಕೇಳಿದೀರಲ್ಲ, ಈಗ ನಿಮ್ಮದು ಕೇಳಿಸಿ!"

ರೇವಣಸಿದ್ದಯ್ಯ ಏನೇನೋ ಗೊಣಗಿದರು, ಬರೆಯುವಂಥದ್ದಲ್ಲ. ಆದರೂ ಸ್ಟೂಲು ಎಳೆದರು. ಕಲ್ಲಿನ ಸರಬರಕ್ಕೆ ಕಿವಿಯಿಟ್ಟು ಹತ್ತೂ ತಂತಿಗಳನ್ನು ಒಂದೊಂದಾಗಿ ತಿರುಪಿದರು. ಮೊದಲು ಅತ್ಯಂತ ಕೆಳಗಿನ ತಂತಿ ಮೀಟಿ, ಕಾಲಿನಿಂದ ಅದನ್ನು ಮೆಲ್ಲಗೆ ತೆರೆದರು. ಗಿರಣಿ ಕೊಡುತ್ತಿದ್ದ ಆ ದಪ್ಪ ದನಿಯನ್ನು ಈಗ ತಾವೇ ಕೊಡಬೇಕು. ಅದರ ಮೇಲೆ ಒಂದು ಸ್ವರ ಬಂತು, ಹತ್ತಿರವಾಯಿತು, ದೂರ ಹೋಯಿತು. ಇನ್ನೊಂದು. ಮೂಲೆಯಲ್ಲಿ ಕೂತಿದ್ದ ಕಶ್ಯಪ್ ಮೈಕನ್ನು ಮರೆತಿದ್ದ. ಹಾಲವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು, ಈ ಸಲ ಯಾರು ಸತ್ತರೆಂದು ಕೇಳಲಿಲ್ಲ.

ನಾನು ಮಾತ್ರ ಗೋಡೆಯ ಕಡೆಗೇ ಕಿವಿಗೊಟ್ಟು ಕಾಯುತ್ತಿದ್ದೆ. ಈಗ ಜಗದಾಂಬಾ ಕೇಳುತ್ತಾರೆ, ಇನ್ನೇನು ಕೇಳುತ್ತಾರೆ, ಹಾಡು ಯಾವಾಗ ಶುರು ಅಂತ. ಆಚೆಯಿಂದ ಹಿಟ್ಟು ಬೀಳುವ ಸದ್ದು ಬಿಟ್ಟು ಏನೂ ಬರಲಿಲ್ಲ. ರಾಗಿ ಮುಗಿದು ಗಿರಣಿ ನಿಂತಿತು. ರೂಢಿಯಂತೆ ರೇವಣಸಿದ್ದಯ್ಯನವರೂ ಕಾಲೆತ್ತಿದರು. ಕೊನೆಯ ಸ್ವರ ಗಲ್ಲಿ ದಾಟಿ ಹೋಯಿತು.

ಶೆಡ್ಡಿನ ಬಾಗಿಲಲ್ಲಿ ಹಿಟ್ಟು ಮೆತ್ತಿದ ಮುಖ ಕಾಣಿಸಿತು.

"ಯಾಕೆ ನಿಲ್ಲಿಸಿಬಿಟ್ರಿ? ಇನ್ನೂ ಗೋಧಿ ಇದೆ."

ರೇವಣಸಿದ್ದಯ್ಯ ಮತ್ತೆ ಕಂಬಿ ಕೈಗೆತ್ತಿಕೊಂಡರು. ಮುಖ ಗಂಟಿಕ್ಕಿಯೇ ಇತ್ತು. ನನ್ನ ಕಡೆ ತಿರುಗಿ ದೂರು ಹೇಳಿದರು: "ನೋಡಿದ್ರ್ಯಾ? ಇನ್ನ ಮ್ಯಾಲ ಊಟಕ್ಕೂ ಬಿಡೂದಿಲ್ಲ ಈಕಿ. ಬರಕೋರಿ ಇದನ್ನ. ಎಲ್ಲಾ ಬಿಟ್ಟು ಇದೊಂದ ಬರಕೋರಿ."